ಹೋಳಿಗೆ ಡಬ್ಬಿಯ ಆಂಥ್ರಸೈಟ್

ಸೈದಾಪುರದಿಂದ ಹೊರಟ ಒಂದು ಸ್ಟೀಲ್ ಡಬ್ಬಿ ಯಾದಗಿರಿಯಲ್ಲಿ ಬಸ್ಸು ಬದಲಿಸಿ, ಭೀಮಾ ಹೊಳೆ ದಾಟಿ, ಮೊನ್ನೆ ಮಟಮಟ ಮಧ್ಯಾಹ್ನ ಶಹಾಪುರದ ಬಸ್ ನಿಲ್ದಾಣಕ್ಕೆ ಬಂದಿಳಿಯಿತು. ಜೊತೆಗೆ ಯಾರೂ ಇರಲಿಲ್ಲ. ನಮ್ಮ ಕಡೆ ಡಬ್ಬಿಗಳು ಕಂಡಕ್ಟರರ ಭರವಸೆಯ ಮೇಲೆ ಒಂಟಿಯಾಗಿ ಪ್ರಯಾಣ ಮಾಡುತ್ತವೆ, ಮತ್ತು ಮನುಷ್ಯರಿಗಿಂತ ಸುರಕ್ಷಿತವಾಗಿ ಊರು ಮುಟ್ಟುತ್ತವೆ.

“ಮಾಸ್ತರ್ರ, ನಿಮ್ಮ ಸೊಸಿ ಕಳಿಸ್ಯಾಳ ನೋಡ್ರಿ. ಹಾದಿಯಾಗ ಘಮಘಮ ಅಂತ ಜೀವ ತಿಂದದ ಇದು,” ಎಂದು ಕಂಡಕ್ಟರ್ ಡಬ್ಬಿಯನ್ನು ನನ್ನ ಕೈಗಿಟ್ಟ.

ಸೊಸೆ ಎಂದರೆ ನನ್ನ ತಂಗಿಯ ಮಗಳು ಸುಜಾತಾ. ನಾನು ಅಲ್ಲೇ ನೆರಳಿನ ಕಟ್ಟೆಯ ಮೇಲೆ ಕೂತು ಮುಚ್ಚಳ ತೆಗೆದೆ. ಮನೆಗೆ ಒಯ್ದು ತೆಗೆಯಬಹುದಿತ್ತು. ಆದರೆ ನನ್ನ ರಕ್ತದಲ್ಲಿ ಸಕ್ಕರೆ ಸೇರಿದ ಮೇಲೆ ಮನೆಯಲ್ಲಿ ಹೋಳಿಗೆಯ ಆಡಳಿತ ನನ್ನ ಕೈಯಲ್ಲಿಲ್ಲ. ಒಳಗೆ ಶೇಂಗಾ ಹೋಳಿಗೆ. ಹೋಳಿಗೆಯ ಮೇಲೆ ಬಾಳೆಲೆಯ ತುಂಡು. ಎಲೆಯ ಮೇಲೆ, ಸಿಂಹಾಸನದ ಮೇಲೆ ಕೂತಂತೆ, ಒಂದು ಇದ್ದಿಲು.

ನಮ್ಮ ಸೀಮೆಯವರಲ್ಲದ ಓದುಗರಿಗಾಗಿ ಒಂದು ಮಾತು. ನಮ್ಮಲ್ಲಿ ಸಿಹಿ ಅಡುಗೆ ಊರಿಂದೂರಿಗೆ ಬರಿಮೈಯಲ್ಲಿ ಹೋಗುವುದಿಲ್ಲ. ಹಾದಿಯಲ್ಲಿ ಹುಣಿಸೆಮರಗಳಿರುತ್ತವೆ, ಹಳ್ಳಗಳಿರುತ್ತವೆ, ಅವುಗಳಲ್ಲಿ ಉಂಡು ಬಹಳ ದಿನವಾದವರು ಇರುತ್ತಾರೆ. ಅವರ ದೃಷ್ಟಿ ಬೀಳದಿರಲೆಂದು ಒಲೆಯೊಳಗಿನ ಒಂದು ಇದ್ದಿಲ ಚೂರನ್ನು ಮೇಲಿಟ್ಟು ಕಳಿಸುತ್ತಾರೆ. ಮಂತ್ರಿಗೆ ಅಂಗರಕ್ಷಕ ಇದ್ದಂತೆ ಹೋಳಿಗೆಗೆ ಇದ್ದಿಲು. ವ್ಯತ್ಯಾಸವಿಷ್ಟೇ, ಇದ್ದಿಲು ಹೋಳಿಗೆಯನ್ನು ತಿನ್ನುವುದಿಲ್ಲ.

ಆ ಚೂರನ್ನು ಎತ್ತಿ ಕೈಯಲ್ಲಿ ಹಿಡಿದೆ. ಹಿಡಿದೊಡನೆ ತಲೆ ತಾನಾಗಿ ತಗ್ಗಿತು. ಯಾಕೆಂದು ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಇಡೀ ಸೈದಾಪುರಕ್ಕೆ ಗೊತ್ತಿರುವ ಸಂಗತಿಯನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ನಾನು ಉಳಿಸಿಕೊಳ್ಳುವ ಮಾನವಾದರೂ ಎಷ್ಟು?

ಇದ್ದಿಲಿಗೂ ನನಗೂ ಹಳೆಯ ಸಂಬಂಧ. ಬಾಲ್ಯದಲ್ಲಿ ಅದರ ಪುಡಿಯಿಂದಲೇ ಹಲ್ಲುಜ್ಜಿದ್ದು. ಹಲ್ಲು ಬೆಳ್ಳಗಾಗುವ ಮೊದಲು ತುಟಿ, ಗಲ್ಲ, ಅಂಗಿ, ಪಕ್ಕದಲ್ಲಿ ನಿಂತ ತಂಗಿ ಎಲ್ಲರೂ ಕರ್ರಗಾಗುತ್ತಿದ್ದೆವು. ಶಾಲೆಯ ಕಪ್ಪುಹಲಗೆಗೆ ಇದ್ದಿಲ ಪುಡಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಬಳಿಯುವ ಕೆಲಸ ಜಾಣ ಹುಡುಗರಿಗೆ ಮೀಸಲು. ಅದನ್ನು ನಾನು ಪದ್ಮಶ್ರೀಯಂತೆ ಸ್ವೀಕರಿಸುತ್ತಿದ್ದೆ. ಕಲ್ಲಿದ್ದಿಲಿನ ಪರಿಚಯವಾದದ್ದು ಯಾದಗಿರಿ ಸ್ಟೇಷನ್ನಿನಲ್ಲಿ. ಉಗಿ ಎಂಜಿನ್ ತೋರಿಸಲೆಂದು ಅಪ್ಪ ಕರೆದೊಯ್ದಿದ್ದ. ನಾನು ಮೂತಿ ಎತ್ತಿ ಬಾಯಿ ತೆರೆದು ನಿಂತೆ, ಎಂಜಿನ್ನು ಒಂದು ಕಿಡಿಯನ್ನು ನೇರವಾಗಿ ನನ್ನ ಕಣ್ಣಿಗೆ ಕಳಿಸಿತು. ಅಪ್ಪ ಧೋತರದ ಚುಂಗನ್ನು ಉಂಡೆ ಮಾಡಿ, ಬಾಯಿಯಿಂದ ಹಬೆ ಊದಿ ಕಣ್ಣಿಗೊತ್ತುತ್ತ, “ನೋಡಿದ್ದಾತಿಲ್ಲೋ ಎಂಜಿನ್ನು? ನಡೀ ಇನ್ನ ಮನಿಗಿ,” ಅಂದ. ಹೀಗೆ ಕಲ್ಲಿದ್ದಿಲಿನ ಮೊದಲ ಪಾಠ ನನ್ನೊಳಗೆ ಕಣ್ಣಿನ ಮೂಲಕವೇ ಪ್ರವೇಶಿಸಿತು. ಇಂಥವನು ಮುಂದೆ ಭೂಗೋಳದ ಮಾಸ್ತರನಾದದ್ದು ಆಶ್ಚರ್ಯವಲ್ಲ.

ನಾನು ಕಲಿಸುತ್ತಿದ್ದ ಹೈಸ್ಕೂಲಿನಲ್ಲಿ ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ ಇತ್ತು. ನಾಲ್ಕು ಗೂಡು, ಗೂಡಿಗೊಂದು ಚೀಟಿ: ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್. ನನಗಿಂತ ಮೊದಲೇ ಯಾವುದೋ ದೂರದ ಪೇಟೆಯಿಂದ ಬಂದದ್ದು. ಅದರ ಬೀಗದ ಕೈ ಸದಾ ನನ್ನ ಉಡಿದಾರದಲ್ಲೇ ಇರುತ್ತಿತ್ತು.

ಕಲ್ಲಿದ್ದಿಲಿನ ಪಾಠವನ್ನು ನಾನು ಒಂದು ಮನೆಯ ನಾಲ್ವರು ಅಣ್ಣತಮ್ಮಂದಿರ ಕಥೆಯಾಗಿ ಹೇಳುತ್ತಿದ್ದೆ. ಪೀಟ್ ಎಲ್ಲರಿಗಿಂತ ಕಿರಿಯ. ಜೌಗು ನೆಲದಿಂದ ಈಗಷ್ಟೇ ಎದ್ದು ಬಂದವನು, ಮೈಯ ಹಸಿ ಆರಿಲ್ಲ, ಉರಿಗಿಂತ ಹೊಗೆ ಹೆಚ್ಚು. “ಜೌಗು ಅಂದ್ರ ಏನ್ರಿ ಸರ?” ಎಂದು ನಮ್ಮ ಒಣನೆಲದ ಮಕ್ಕಳು ಕೇಳುತ್ತಿದ್ದರು. ಅಲ್ಲಿಗೆ ಅರ್ಧ ಪೀರಿಯಡ್ಡು ಹೋಗುತ್ತಿತ್ತು. ಎರಡನೆಯವನು ಲಿಗ್ನೈಟ್, ಕಂದು ಬಣ್ಣದ ಹುಡುಗ; ತಮಿಳುನಾಡಿನ ಕಡೆ ವಿದ್ಯುತ್ ಮನೆಯಲ್ಲಿ ನೌಕರಿ. ಮೂರನೆಯವನು ಬಿಟುಮಿನಸ್. ಇಡೀ ಮನೆ ನಡೆಯುವುದು ಇವನ ಹೆಗಲ ಮೇಲೆ. ರೈಲು ಎಳೆದವನು ಇವನೇ, ವಾಡಿ ಕಡೆ ಸಿಮೆಂಟಿನ ಗೂಡು ಕಾಯಿಸುವವನು ಇವನೇ, ರಾಯಚೂರ ಕಡೆ ಕರೆಂಟು ಮಾಡುವವನೂ ಇವನ ಪೈಕಿಯವನೇ. ಗಾಳಿ ಇಲ್ಲದ ಒಲೆಯಲ್ಲಿಟ್ಟು ಬೇಯಿಸಿದರೆ ಕೋಕ್ ಎಂಬ ಹೊಸ ಹೆಸರು ಪಡೆದು ಬಳ್ಳಾರಿ ಕಡೆಯ ಕುಲುಮೆಯಲ್ಲಿ ಕಬ್ಬಿಣ ಕರಗಿಸುತ್ತಾನೆ. ಬೇಯುವಾಗ ಹರಿದ ಬೆವರೇ ಡಾಂಬರು.

ನಾಲ್ಕನೆಯವನು ಹಿರಿಯಣ್ಣ, ಆಂಥ್ರಸೈಟ್. ಅವನ ಸರದಿ ಬಂದಾಗ ನನ್ನ ದನಿ ತಾನಾಗಿ ಗಂಭೀರವಾಗುತ್ತಿತ್ತು. ನಮ್ಮ ದೇಶದಲ್ಲಿ ಇವನು ಸಿಗುವುದೇ ಅಪರೂಪ, ಕಾಶ್ಮೀರದ ಕಡೆ ಒಂದಿಷ್ಟು. ಕೆಲಸ ಕಡಿಮೆ, ಮರ್ಯಾದೆ ಹೆಚ್ಚು. ಇಂಥ ಹಿರಿಯಣ್ಣ ಎಲ್ಲ ಮನೆತನದಲ್ಲೂ ಒಬ್ಬನಿರುತ್ತಾನೆ. ನಮ್ಮ ಮನೆಯಲ್ಲಿ ಅವನು ನಾನೇ ಎಂಬುದು ಆಗ ಹೊಳೆದಿರಲಿಲ್ಲ. ಅವನ ಲಕ್ಷಣಗಳನ್ನು ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದರು: ಕಲ್ಲಿನಂತೆ ಗಟ್ಟಿ, ಮೈಗೆ ಹೊಳಪು, ಬೇಗ ಉರಿ ಹಿಡಿಯುವುದಿಲ್ಲ, ಕೈಗೆ ಮಸಿ ಹತ್ತುವುದಿಲ್ಲ. ಕೊನೆಯ ಮಾತಿಗೆ ನಾನು ಬೀಗ ತೆಗೆದು, ಆ ಹೊಳೆಯುವ ಕರಿಯ ತುಂಡನ್ನು ಎತ್ತಿ, ಮತ್ತೆ ಇಟ್ಟು, ಬಿಳಿಯ ಅಂಗೈಯನ್ನು ತರಗತಿಗೆಲ್ಲ ತೋರಿಸುತ್ತಿದ್ದೆ. ಮಕ್ಕಳು “ಹಾ!” ಅನ್ನುತ್ತಿದ್ದರು. ಮುಟ್ಟಲು ಯಾರಿಗೂ ಕೊಡುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ನನ್ನದೇ ಅಕ್ಷರದಲ್ಲಿ ‘ನೋಡಬೇಕು, ಮುಟ್ಟಬಾರದು’ ಎಂದು ಬರೆದಿತ್ತು.

ನಾನು ನಿವೃತ್ತನಾದಾಗ ಶಾಲೆಗೆ ದೊಡ್ಡ ಪರದೆಯ ಟೀವಿ ಬಂದಿತ್ತು. ಪೆಟ್ಟಿಗೆಯನ್ನು ಶಾಲು ಹಾರದ ಜೊತೆ ನನಗೇ ಕೊಟ್ಟರು. ಸನ್ಮಾನವೋ, ಜಾಗ ಖಾಲಿ ಮಾಡುವ ಉಪಾಯವೋ ಕೇಳಲಿಲ್ಲ. ಮನೆಯ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟೆ.

ಇನ್ನು ಸುಜಾತಾ. ಸುರಪುರದಲ್ಲಿ ಔಷಧದಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಹಿರಿತನ ಸೋದರಮಾವನಾದ ನನ್ನ ತಲೆಗೆ ಬಂದಿತ್ತು. ಹಿಂದೊಮ್ಮೆ ಅವಳನ್ನು ನೋಡಲು ಬಂದವರಿಗೆ ನಾನು ಮಾತಿಗೆ ಮಾತು ಸೇರಿ ಮಾನ್ಸೂನ್ ಮಾರುತಗಳನ್ನು ವಿವರಿಸಿದ್ದೆ. ಅವರು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದವರು, ಮಾನ್ಸೂನ್ ಎರಡು ಸಲ ಬಂದರೂ ಬರಲಿಲ್ಲ. ಹೀಗಾಗಿ ಹೋದ ವರ್ಷ ಸೈದಾಪುರದ ಸಂಬಂಧ ಬಂದಾಗ ಅವಳು ನನಗೆ ಫೋನು ಮಾಡಿ ಕಟ್ಟುನಿಟ್ಟಾಗಿ ಹೇಳಿದಳು.

“ಮಾಮಾ, ಹುಡುಗ ನನಗ ಪಸಂದ್ ಅದಾನ. ಅವನಿಗೂ ನಾ ಪಸಂದ್ ಅದೀನಿ. ಹಿರಿಯಾರು ಮನಿ ನೋಡಿ ಬರೋದೊಂದ ಬಾಕಿ. ನೀ ಹೋಗು, ಚಹಾ ಕುಡಿ, ಬಾ. ಬಾಯಿ ಮಾತ್ರ ತೆರೀಬ್ಯಾಡ.”

“ಚಹಾ ಕುಡಿಯಾಕಾದ್ರೂ ತೆರೀಬೇಕಲ್ಲವ್ವಾ?”

“ನಗಸಬ್ಯಾಡ ಮಾಮಾ. ಇದು ಮುರೀತಂದ್ರ ಇನ್ನ ಯಾರನ್ನೂ ನಾ ನೋಡಂಗಿಲ್ಲ.”

ಕೊನೆಯ ಮಾತಿನಲ್ಲಿ ನಗುವಿರಲಿಲ್ಲ. ನಾನು ಮಾತು ಕೊಟ್ಟೆ. ಹುಡುಗ ಮಲ್ಲಿಕಾರ್ಜುನ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ದಿನವೂ ಕಲ್ಲಿದ್ದಿಲಿನ ನಡುವೆ ಬದುಕುವ ಒಬ್ಬ ಮನುಷ್ಯನ ಮನೆಗೆ ಹೋಗಿ ಭೂಗೋಳದ ಮಾಸ್ತರ ಸುಮ್ಮನಿರಬೇಕು. ನನ್ನ ತ್ಯಾಗವನ್ನು ನೀವಾದರೂ ಗುರುತಿಸಬೇಕು.

ಹೊರಡುವ ದಿನ ತಂಗಿ ಶರಣಮ್ಮ ಸುರಪುರದಿಂದ ಹೋಳಿಗೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಳು. ಬಂದವಳೇ ಹಣೆ ಬಡಿದುಕೊಂಡಳು.

“ಅಣ್ಣಾ, ಇದ್ದಿಲು ಇಡೋದು ಮರತೇನಿ. ಹೊಳಿ ದಾಟಬೇಕು, ನಡುಮಧ್ಯಾಹ್ನ. ಒಂದು ಚೂರು ಹುಡುಕಿ ಕೊಡು.”

ಹುಡುಕಲು ಹೊರಟಾಗ ತಿಳಿಯಿತು, ಶಹಾಪುರದಲ್ಲಿ ಇದ್ದಿಲು ಎಂಬ ವಸ್ತುವೇ ಇಲ್ಲ. ಮನೆಮನೆಗೆ ಗ್ಯಾಸು. ಓಣಿಯ ಇಸ್ತ್ರಿಯವನೂ ಕರೆಂಟಿಗೆ ಬದಲಾಗಿದ್ದ. “ಇದ್ದಿಲ ಇಸ್ತ್ರಿಪೆಟ್ಟಿಗಿ ಅಟ್ಟದ ಮ್ಯಾಲ ಅದರಿ ಸರ, ಅದರಾಗ ಹಲ್ಲಿ ಸಂಸಾರ ಮಾಡ್ಯಾವ,” ಅಂದ. ಚಹಾದಂಗಡಿಯಲ್ಲಿ ಸಿಲಿಂಡರ್. ಕೊನೆಗೆ ಕಬಾಬಿನ ಗಾಡಿಯವನ ಹತ್ತಿರ ಒಂದು ಚೀಲ ತುಂಬ ಕಂಡಿತು. ಗೆದ್ದವನಂತೆ ಒಂದು ಚೂರು ತಂದೆ. ಶರಣಮ್ಮ ಎಲ್ಲಿಂದ ತಂದೆ ಎಂದು ಕೇಳಿದಳು. ನಾನು ಸತ್ಯವಂತ, ಹೇಳಿದೆ.

“ಕೋಳಿ ಸುಡೋ ಇದ್ದಿಲು ಹೋಳಿಗಿ ಮ್ಯಾಲ ಇಡಬೇಕೇನು? ದೆವ್ವ ಹೋಗೋದಿರ್ಲಿ, ದೇವರ ಹೋಗ್ತದ!” ಎಂದು ಅದನ್ನು ಚರಂಡಿಗೆಸೆದಳು. ಅವಳ ಕಣ್ಣು ಪಡಸಾಲೆಯ ಪೆಟ್ಟಿಗೆಯ ಮೇಲೆ ನಿಂತಿತು. “ಇದರಾಗ ಕರೇದು ಅವ ಅಲ್ಲ? ಯಾವದರ ಒಂದು ಕೊಡು. ಬಸ್ಸು ಹೋಗ್ತದ.”

ಬಿಟುಮಿನಸ್ಸಿನ ತುಂಡು ಅಲ್ಲೇ ಇತ್ತು. ಕೈಗೆ ಮಸಿ ಮಾಡುವ, ಒಲೆಯಲ್ಲಿಟ್ಟರೆ ಉರಿಯುವ, ನಿಯತ್ತಿನ ತುಂಡು. ಅದನ್ನು ಕೊಟ್ಟಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀಗರ ಮನೆಗೆ ಹೋಗುವ ಹೋಳಿಗೆ. ಹುಡುಗ ಬೇರೆ ಬಾಯ್ಲರಿನವನು. ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಡಬ್ಬಿ ತೆರೆದಾಗ ಡಬ್ಬಿಯೇ ನನ್ನ ಪರವಾಗಿ ಮಾತಾಡಲಿ ಎಂಬ ಆಸೆ ಹುಟ್ಟಿತು. “ಕೊಡೋದಾದ್ರ ಹಿರೇದನ್ನ ಕೊಡಬೇಕು,” ಎಂದು ಆಂಥ್ರಸೈಟನ್ನು ಕರವಸ್ತ್ರದಿಂದ ಒರೆಸಿ ಎಲೆಯ ಮೇಲಿಟ್ಟೆ.

ಸೈದಾಪುರದ ಆ ಮನೆ ರೈಲು ಹಳಿಗೆ ಹತ್ತಿರ. ನಾವು ಕೂತಿದ್ದಾಗ ಕಲ್ಲಿದ್ದಿಲು ತುಂಬಿದ ಗೂಡ್ಸ್ ಗಾಡಿಯೊಂದು ರಾಯಚೂರ ಕಡೆ ಹೋಯಿತು. ಗೋಡೆ, ಗಡಿಯಾರ, ಚಹಾದ ಬಸಿಗಳು ಎಲ್ಲವೂ ನಡುಗಿದವು. ನಾನೂ ನಡುಗಿದೆ, ಮಾತು ತಡೆದುಕೊಂಡ ರಭಸಕ್ಕೆ. ಹುಡುಗನ ಅಪ್ಪ ಬಸಪ್ಪ ಮಿತಭಾಷಿ. ಮಲ್ಲಿಕಾರ್ಜುನ ತಲೆ ಬಗ್ಗಿಸಿ ಕೂತಿದ್ದ. ಮನೆಯ ನಿಜವಾದ ಯಜಮಾನಿಕೆ ಅವನ ಅಜ್ಜಿ ನಿಂಗಮ್ಮನದೆಂದು ನೋಡಿದೊಡನೆ ತಿಳಿಯುತ್ತಿತ್ತು. ಎಲ್ಲ ಸುಸೂತ್ರವಾಗಿ ಸಾಗಿ, ಹೋಳಿಗೆಯ ಡಬ್ಬಿ ಅಜ್ಜಿಯ ಮುಂದೆ ಬಂತು. ಅಜ್ಜಿ ಮುಚ್ಚಳ ತೆಗೆದು, ಚಾಳೀಸು ಕನ್ನಡಕ ಏರಿಸಿ ನೋಡಿದಳು.

“ಯವ್ವಾ, ಇದೇನಿದು?”

“ಇದ್ದಿಲ್ರಿ ದೊಡ್ಡವ್ವ. ಹಾದಿಗಂತ ಇಟ್ಟಿದ್ವಿ,” ಅಂದಳು ಶರಣಮ್ಮ.

ಅಜ್ಜಿ ಎರಡು ಬೆರಳಲ್ಲಿ ಎತ್ತಿದಳು, ತೂಗಿದಳು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದಳು. “ಇದ್ದಿಲು ಹಿಂಗ ಮಿಂಚ್ತದೇನು? ಮಸಿನೂ ಹತ್ತವಲ್ದು. ನಾ ಹುಟ್ಟಿದಾಗಿಂದ ಒಲಿ ಮುಂದ ಕುಂತಾಕಿ.” ಕೈಬಿಟ್ಟಳು. ಅದು ಡಬ್ಬಿಯ ಅಂಚಿಗೆ ಬಡಿದು ಠಣ್ ಎಂದಿತು.

ನಡುಮಧ್ಯಾಹ್ನ, ಹೊಸ ಸಂಬಂಧ, ಸಿಹಿಯ ಮೇಲೆ ಮಿಂಚುವ ಕರಿಯ ಕಲ್ಲು. ಇಷ್ಟು ಸಾಮಗ್ರಿ ಒಂದೆಡೆ ಕೂಡಿದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಹೆಸರು: ಮಾಟ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಜ್ಜಿ ಡಬ್ಬಿಯನ್ನು ಕೋಲಿನ ತುದಿಯಿಂದ ದೂರ ಸರಿಸಿದಳು. ಒಳಗಿಂದ ಇಣುಕಿದ್ದ ಹೆಂಗಸರು ಹಿಂದೆ ಸರಿದರು. ನಾನು ಮಾತು ಮುರಿದು ಬಾಯಿ ತೆರೆದೆ.

ತೆರೆದ ಮೇಲೆ ನಿಮಗೆ ಗೊತ್ತೇ ಇದೆ. ನಾಲ್ವರು ಅಣ್ಣತಮ್ಮಂದಿರೂ ಬಂದರು. ಜೌಗು ಬಂತು, ಕೋಕ್ ಬಂತು, ಕಾಶ್ಮೀರ ಬಂತು. “ಮಸಿ ಹತ್ತದಿರುವುದೇ ಇದರ ದೊಡ್ಡಸ್ತಿಕೆ,” ಎಂದು ಅಂಗೈ ಎತ್ತಿ ತೋರಿಸಿದೆ. ಯಾರೂ “ಹಾ!” ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ಬಸಪ್ಪ ಆ ದಿನದ ತನ್ನ ಮೊದಲ ವಾಕ್ಯವನ್ನು ಆಡಿದ.

“ಹಂಗಾದ್ರ ಉರಿಸಿ ತೋರಸ್ರಿ.”

ಹಿತ್ತಲಿನ ನೀರೊಲೆಗೆ ಎಲ್ಲರೂ ಮೆರವಣಿಗೆ ಹೋದೆವು. ತೊಗರಿಕಟ್ಟಿಗೆ ತುಂಬಿ ಉರಿ ಎಬ್ಬಿಸಿ, ನಡುವೆ ಹಿರಿಯಣ್ಣನನ್ನು ಕೂರಿಸಿದರು. ಕಟ್ಟಿಗೆ ಉರಿಯಿತು. ಹಿರಿಯಣ್ಣ ಉರಿಯಲಿಲ್ಲ. “ಇದು ಬೇಗ ಉರಿ ಹಿಡಿಯುವುದಿಲ್ಲ, ಪುಸ್ತಕದಲ್ಲೇ ಇದೆ,” ಎಂದೆ. ಇನ್ನಷ್ಟು ಕಟ್ಟಿಗೆ ಹಾಕಿದರು. ಸ್ನಾನದ ನೀರು ಕುದಿಯಿತು. ಅಷ್ಟರಲ್ಲಿ ಸುಜಾತಾಳ ಫೋನು.

“ಏನಾತು ಮಾಮಾ?”

“ಎಲ್ಲಾರೂ ಕಾಯಾಕತ್ತೀವಿ ನೋಡವ್ವಾ.”

“ಯಾರಿಗಿ?”

“ಆಂಥ್ರಸೈಟಿಗಿ.”

ಆ ಕಡೆಯಿಂದ ಬಹಳ ಸಣ್ಣ ದನಿಯಲ್ಲಿ, “ಬಾಯಿ ತೆರದ್ಯಾ ಮಾಮಾ?” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆಗಲೇ ವಾಸನೆ ಬಂದದ್ದು. ಹೊಸದಾಗಿ ಬಣ್ಣ ಬಳಿದ ಕಿಟಕಿ ಸುಟ್ಟಂಥ ವಾಸನೆ. ನೋಡುನೋಡುತ್ತ ನನ್ನ ಆಂಥ್ರಸೈಟಿನ ಮೈಮೇಲೆ ಗುಳ್ಳೆಗಳೆದ್ದವು. ಹೊಳಪು ಸುಕ್ಕುಗಟ್ಟಿ, ಹಾವಿನ ಪೊರೆಯಂತೆ ಸುಲಿಯತೊಡಗಿತು. ಅಜ್ಜಿ ಚಿಮಟದಲ್ಲಿ ಹಿಡಿದು ಹೊರಗೆಳೆದು ತಂಬಿಗೆ ನೀರು ಸುರಿದಳು. ಚುಂಯ್ ಎಂದು ಹಬೆ ಎದ್ದಿತು, ಟಪ್ ಎಂದು ಅದು ಎರಡು ಹೋಳಾಯಿತು. ಹೊರಗೆ ಬೂದುಬಣ್ಣ. ಒಳಗೂ ಬೂದುಬಣ್ಣ, ನಡುವೆ ಒಂದು ಬಿಳಿಯ ಎಳೆ. ಹೊಳೆದಂಡೆಯಲ್ಲಿ ಬುಟ್ಟಿಗಟ್ಟಲೆ ಸಿಗುವ ಗುಂಡುಕಲ್ಲು. ಯಾವನೋ ಪುಣ್ಯಾತ್ಮ ಅದಕ್ಕೆ ಕರಿಯ ಬಣ್ಣ ಬಳಿದು, ಚೀಟಿ ಅಂಟಿಸಿ, ಶಾಲೆಗೆ ಮಾರಿದ್ದ. ಗಟ್ಟಿ, ಹೊಳಪು, ಬೇಗ ಉರಿ ಹಿಡಿಯುವುದಿಲ್ಲ, ಮಸಿ ಹತ್ತುವುದಿಲ್ಲ. ಎಲ್ಲ ಲಕ್ಷಣಗಳೂ ಕೂಡಿಬಂದಿದ್ದವು. ಬಣ್ಣ ಬಳಿದ ಕಲ್ಲಿಗೆ ಅವು ಕೂಡಿಬರದೆ ಇನ್ನೇನಾಗಬೇಕು?

ಮಲ್ಲಿಕಾರ್ಜುನ ಮೊದಲ ಬಾರಿಗೆ ತಲೆ ಎತ್ತಿ, ಬಹಳ ವಿನಯದಿಂದ ಹೇಳಿದ: “ಮಾಸ್ತರ್ರ, ನಮ್ಮ ಬಾಯ್ಲರಿಗಿ ಇಂಥದ್ದು ಬಂದಿದ್ರ ಲಾರಿ ವಾಪಸ್ ಕಳಸ್ತಿದ್ವಿ.”

ಅಜ್ಜಿ ನನ್ನ ಮುಖ ನೋಡಿದಳು. ಕಲ್ಲು ನೋಡಿದಳು. ಮತ್ತೆ ನನ್ನ ಮುಖ. ಹಲ್ಲಿಲ್ಲದ ಬಾಯಿ ಮೆಲ್ಲಗೆ ಅಗಲವಾಗಿ, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

“ಮಾಟ ಮಾಡೋರು ಶ್ಯಾಣ್ಯಾ ಇರ್ತಾರಲೇ ಬಸಪ್ಪಾ. ಇವರು ಅಂಥೋರಲ್ಲ. ಪಾಪ, ಮಾಸ್ತರು. ತರ್ರಿ ಆ ಹೋಳಿಗಿ.”

ಸಂಬಂಧ ಕುದುರಿತು. ಹೋಳಿಗೆ ಖಾಲಿಯಾಯಿತು. ನಾನು ಮಾಟಗಾರನಲ್ಲ ಎಂಬುದಕ್ಕೆ ನಾನು ದಡ್ಡ ಎಂಬುದೇ ಸಾಕ್ಷಿಯಾಗಿ, ಅದನ್ನು ಎರಡೂ ಕಡೆಯವರು ಸರ್ವಾನುಮತದಿಂದ ಒಪ್ಪಿದರು. ಬೈಗುಳವನ್ನು ಮರೆಯಬಹುದು, ಆ ‘ಪಾಪ’ ಎಂಬ ಎರಡಕ್ಷರವನ್ನು ಇವತ್ತಿಗೂ ನುಂಗಲಾಗಿಲ್ಲ. ಕಲ್ಲಿನ ಒಂದು ಹೋಳನ್ನು ಅಜ್ಜಿ ಬೆಳ್ಳುಳ್ಳಿ ಜಜ್ಜಲು ಇಟ್ಟುಕೊಂಡಳು. ಮದುವೆಯಲ್ಲಿ ಬೀಗರೆಲ್ಲ ನನ್ನನ್ನು ಗುರುತಿಸಿದ್ದು ‘ಕಲ್ಲು ಸುಟ್ಟ ಮಾಸ್ತರು’ ಎಂದೇ. ಇನ್ನೊಂದು ಹೋಳನ್ನು ಜೇಬಿಗೆ ಹಾಕಿಕೊಂಡು ಬಂದೆ.

ಬರುವಾಗ ಶರಣಮ್ಮ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಯಾದಗಿರಿ ದಾಟಿ ಬಸ್ಸು ಭೀಮೆಯ ಸೇತುವೆ ಏರಿದಾಗ ಕೇಳಿದಳು.

“ಅಣ್ಣಾ, ಎಷ್ಟು ಹುಡುಗರಿಗಿ ತೋರಿಸಿದ್ದಿ ಅದನ್ನ?”

ಕಿಟಕಿಯಿಂದ ಹೊರಗೆ ನೋಡಿದೆ. ನೀರು ಇಳಿದ ಹೊಳೆಯ ಪಾತ್ರದ ತುಂಬ ಗುಂಡುಕಲ್ಲುಗಳು ಬಿಸಿಲಿಗೆ ಮೈಯೊಡ್ಡಿ ಬಿದ್ದಿದ್ದವು. ನಮ್ಮ ಜಿಲ್ಲೆಯಲ್ಲಿ ಆಂಥ್ರಸೈಟಿನ ಇಷ್ಟು ದೊಡ್ಡ ನಿಕ್ಷೇಪ ಇದೆಯೆಂದು ನಾನು ಯಾವ ವರ್ಷವೂ ಪಾಠ ಮಾಡಿರಲಿಲ್ಲ.

ಇದಿಷ್ಟೂ ಮೊನ್ನೆ ಶಹಾಪುರದ ಬಸ್ ನಿಲ್ದಾಣದಲ್ಲಿ, ಇದ್ದಿಲ ಚೂರನ್ನು ಬೆರಳುಗಳಲ್ಲಿ ಹೊರಳಿಸುತ್ತ ಕೂತಾಗ ತಲೆಯಲ್ಲಿ ಹಾದುಹೋಯಿತು. ಆಗ ಎದುರಿಗೆ ಯಾರೋ ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಕಿವಿಯ ಮೇಲೆ ನರೆ.

“ಸರ, ಗುರ್ತು ಹಿಡೀಲಿಲ್ಲೇನ್ರಿ? ನಾ ದೇವಿಂದ್ರಪ್ಪರಿ, ನಿಮ್ಮ ಶಿಷ್ಯ. ಗುರುಮಠಕಲ್ ಕಡೆ ಸಾಲಿ ಮಾಸ್ತರ ಆಗೀನ್ರಿ ಈಗ. ಭೂಗೋಳಾನೇ ಹೇಳ್ತೀನಿ.”

ಅವನು ನಗುತ್ತಲೇ ಮುಂದುವರಿದ. “ಆ ಆಂಥ್ರಸೈಟ್ ಇನ್ನೂ ಕಣ್ಣಾಗ ಅದರಿ ಸರ. ಕಲ್ಲಿದ್ದಿಲಿನ ಪಾಠ ಬಂದಾಗ ನಮ್ಮ ಹುಡುಗರಿಗಿ ಹೇಳ್ತಿರ್ತೀನಿ, ನಾವು ಖರೇ ಆಂಥ್ರಸೈಟ್ ನೋಡಿದೋರು ಅಂತ.”

ಇನ್ನು ತಡೆಯಬಾರದೆನಿಸಿತು. “ದೇವಿಂದ್ರಪ್ಪಾ, ಅದು ಕಲ್ಲಪ್ಪ,” ಅಂದೆ. “ಬರೇ ಕಲ್ಲು. ಹೊಳಿ ಕಲ್ಲಿಗೆ ಬಣ್ಣ ಬಳಿದಿದ್ರು. ನಾ ಸುಟ್ಟು ನೋಡೀನಿ.”

ಅವನು ನನ್ನನ್ನೇ ನೋಡಿದ. ಆಮೇಲೆ ಗಹಗಹಿಸಿ ನಕ್ಕ. “ನೀವು ಇನ್ನೂ ಪರೀಕ್ಷಾ ತಗೊಳ್ಳೋದು ಬಿಟ್ಟಿಲ್ಲ ನೋಡ್ರಿ ಸರ! ಉರಿಯಂಗಿಲ್ಲಂತ ಕಲ್ಲು ಅನಬಾರದು ಅಂತ ನೀವ ಹೇಳಿದ್ರಲ್ಲ?” ಎಂದು ನೆಟ್ಟಗೆ ನಿಂತು, ಅದೇ ರಾಗದಲ್ಲಿ, ನಿಲ್ದಾಣದ ಜನರೆಲ್ಲ ತಿರುಗಿ ನೋಡುವಂತೆ ಒಪ್ಪಿಸಿದ: “ಕಲ್ಲಿನಂತೆ ಗಟ್ಟಿ, ಮೈಗೆ ಹೊಳಪು, ಬೇಗ ಉರಿ ಹಿಡಿಯುವುದಿಲ್ಲ, ಕೈಗೆ ಮಸಿ ಹತ್ತುವುದಿಲ್ಲ.”

“ಅಲ್ಲೋ, ನಾ ಖರೇ ಹೇಳಾಕತ್ತೀನಿ...”

“ಪಾಸಾದೆನಿಲ್ರಿ ಸರ?”

ಸುರಪುರದ ಬಸ್ಸು ಹಾರನ್ ಹೊಡೆಯಿತು. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಕೈಯಲ್ಲಿದ್ದ ಇದ್ದಿಲನ್ನು ಡಬ್ಬಿಗೆ ಹಾಕಿ, ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ಎದ್ದು ಓಡಿ ಬಸ್ಸು ಹತ್ತಿದ.

ಮೆಟ್ಟಿಲ ಮೇಲೆ ಜನರ ನಡುವೆ ನುಸುಳುವಾಗ ಅವನ ಬೆನ್ನು ಕಂಡಿತು. ಬಿಳಿಯ ಅಂಗಿಯ ಮೇಲೆ ನನ್ನ ಬೆರಳುಗಳು, ಒಂದೊಂದೂ ಎಣಿಸುವಂತೆ, ಕರ್ರಗೆ ಮೂಡಿದ್ದವು. ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಬಸ್ಸು ಹೊರಟಿತ್ತು.